ದುಂಡವ್ವನನ್ನು ಕೇಳಿ ಬನ್ನಿ

ಹೊಳೆಗೆ ಇನ್ನೂ ಸೇತುವೆ ಬಾರದ ಕಾಲದಲ್ಲಿ, ಈಚೆ ದಂಡೆಯ ಮೇಲೆ ನೂಲಗಟ್ಟಿ ಅಂತ ಒಂದು ಊರಿತ್ತಂತೆ. ಇದು ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ನೀವು ಮನೆ ಕೊಳ್ಳಲು ಹೊರಟಿದ್ದೀರಿ, ನಂಬಿ ಕಾಗದ ಕೊಡುವಂಥ ವಕೀಲ ಯಾರು ಅಂತ ನನ್ನನ್ನು ಕೇಳಿದಿರಿ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ನಡುವೆ ಎದ್ದು ಹೋಗಬೇಡಿ.

ಆ ಊರಿನ ಅರ್ಧ ಜನ ನೇಕಾರರು. ಅವರದು ಕುಣಿಮಗ್ಗ. ಮನೆಯ ನೆಲದಲ್ಲಿ ತೊಡೆಯುದ್ದದ ಗುಂಡಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ನೇಯಬೇಕು. ಮಗ್ಗದ ಕಟ್ಟಿಗೆ ಬಿಚ್ಚಿ ಹೊತ್ತುಕೊಂಡು ಹೋಗಬಹುದು, ಗುಂಡಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಮಾಲೀಕರು ಮನೆ ಬಿಡಿ ಅಂದ ದಿನ ಗುಂಡಿ ಮುಚ್ಚಬೇಕು, ಇನ್ನೊಂದು ಬಾಡಿಗೆ ಮನೆಯಲ್ಲಿ ಮತ್ತೆ ತೋಡಬೇಕು. ಹಾಗಾಗಿ ನೇಕಾರರಿಗೆಲ್ಲ ಸ್ವಂತ ನೆಲದ ಮೇಲೆ ಆಸೆ. ಒಂದು ಸಲ ತೋಡಿದರೆ ಮಕ್ಕಳು ಮೊಮ್ಮಕ್ಕಳವರೆಗೆ ಮುಚ್ಚುವ ಮಾತಿರಬಾರದು ಅಂತ.

ಊರಿನಲ್ಲಿ ಕೋರ್ಟೂ ಇತ್ತು. ಕೋರ್ಟಿನ ಮುಂದೆ ದೊಡ್ಡ ಬೇವಿನ ಮರ, ಮರದ ಕೆಳಗೆ ವಕೀಲರು. ಅವರಲ್ಲಿ ಮುರಿಗೆಪ್ಪ ಅಂತ ಒಬ್ಬನಿದ್ದ. ವಯಸ್ಸು ಚಿಕ್ಕದು, ಮಾತು ಚುರುಕು, ಹಿಡಿದ ದಾವೆ ಸೋತವನಲ್ಲ ಅಂತಾರೆ. ಸಂತೆಯಲ್ಲಿ ನಿಂತು ಒಳ್ಳೆಯ ವಕೀಲರು ಯಾರು ಅಂತ ಯಾರನ್ನು ಕೇಳಿದರೂ ಮುರಿಗೆಪ್ಪನ ಮನೆಯ ದಾರಿ ತೋರಿಸುತ್ತಿದ್ದರಂತೆ. ಗೆದ್ದವರೆಲ್ಲ ಅವನ ಹೆಸರು ಹೇಳುತ್ತಿದ್ದರು. ಸೋತವರನ್ನು ಯಾರೂ ಕೇಳುತ್ತಿರಲಿಲ್ಲ.

ಆ ಕಾಲಕ್ಕೆ ರಾಚಪ್ಪ ಅಂತ ಒಬ್ಬ ನೇಕಾರ, ಅವನ ಹೆಂಡತಿ ದುಂಡವ್ವ. ಒಬ್ಬಳು ಮಗಳು, ಗಂಗವ್ವ, ಇನ್ನೂ ತೊಡೆಯ ಮೇಲಿನ ಕೂಸು. ಗಂಡ ನೇಯುತ್ತಿದ್ದ, ಹೆಂಡತಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದರಲ್ಲಿ ಒಂದು ಮನೆ ಕೊಳ್ಳುವ ಮಾತಾಯಿತು. ಮನೆ ಗುರುಬಸಪ್ಪ ಅನ್ನುವವನದು. ಹಳೆಯ ಮನೆ, ಎತ್ತರದ ಜಗಲಿ, ಹಿಂದೊಂದು ಕೋಣೆ. ಕಾಗದ ಪತ್ರ ತೋರಿಸಲು ಗಂಡ ಹೆಂಡತಿ ಮುರಿಗೆಪ್ಪನ ಹತ್ತಿರ ಹೋದರು. ಊರೇ ಆ ದಾರಿ ತೋರಿಸಿತ್ತು.

ಮುರಿಗೆಪ್ಪ ಕಾಗದ ನೋಡಿದ. ಗುರುಬಸಪ್ಪನ ತಂದೆಯ ಹೆಸರಿನ ಖರೀದಿ ಪತ್ರ, ತಂದೆ ತೀರಿಕೊಂಡ ಮೇಲೆ ಮಗನ ಹೆಸರು. ಎಲ್ಲ ನೆಟ್ಟಗಿತ್ತು. ರಾಚಪ್ಪ ಕೈ ಮುಗಿದು ನಿಂತಿದ್ದ. ದುಂಡವ್ವ ಮಾತ್ರ ಸೆರಗು ಸರಿಮಾಡಿಕೊಂಡು ಕೇಳಿದಳಂತೆ:

“ವಕೀಲ್ರ, ಒಂದ್ಸಲ ಬಂದು ಮನಿ ನೋಡ್ರಿ.”

“ಕಾಗದ ನೋಡಿನಲ್ಲ ತಂಗಿ. ಇನ್ನ ಮನಿ ಏನು ನೋಡೂದು.”

“ಆದ್ರೂ ಒಂದ್ಸಲ ಬರ್ರಿ ಯಪ್ಪಾ. ದೂರೇನಿಲ್ಲ.”

ಮುರಿಗೆಪ್ಪ ನಕ್ಕು, ಮನೆ ಎಲ್ಲಿಗೂ ಓಡಿ ಹೋಗುವುದಿಲ್ಲ ಅಂದನಂತೆ. ಯಾಕೆ ಬರಬೇಕು ಅಂತ ಅವನು ಕೇಳಲಿಲ್ಲ. ಯಾಕೆ ಅಂತ ಹೇಳುವ ಧೈರ್ಯ ಅವಳಿಗೂ ಬರಲಿಲ್ಲ. ಇನ್ನೊಂದು ಮಾತನ್ನು ಅವನು ಅವರಿಗೆ ಹೇಳಲಿಲ್ಲ. ಗುರುಬಸಪ್ಪ ಅವನ ಬಾಲ್ಯದ ಗೆಳೆಯ, ಮಾರುವವನ ಕೆಲಸವನ್ನೂ ಅವನೇ ಹಿಡಿದಿದ್ದ. ಅದರಲ್ಲಿ ತಪ್ಪೇನು ಅಂತ ಆಗ ಅವನಿಗೆ ಅನಿಸಿರಲಿಲ್ಲ ಅಂತಾರೆ. ಮನೆ ತನ್ನೊಬ್ಬನ ಪಾಲಿಗೇ ಬಂದದ್ದು ಅನ್ನುವ ಗೆಳೆಯನ ಮಾತು ನಂಬಿದ, ಸಹಿ ಹಾಕಿಸಿದ.

ರಾಚಪ್ಪ ಒಂದು ಒಳ್ಳೆಯ ದಿನ ನೋಡಿ ನಡುಮನೆಯಲ್ಲಿ ಗುಂಡಿ ತೋಡಿದ. ಗುಂಡಿಯ ಅಂಚಿಗೆ ಕಲ್ಲು ಕಟ್ಟಿದ. ಬಾಡಿಗೆ ಮನೆಯಲ್ಲಿ ಯಾರೂ ಕಲ್ಲು ಕಟ್ಟುವುದಿಲ್ಲ, ಸ್ವಂತದ್ದು ಅಂತ ಕಟ್ಟಿದ. ಆ ಮನೆಯಲ್ಲಿ ನೇಯ್ದ ಮೊದಲ ಸೀರೆಯನ್ನು ಮಾರದೆ ಹೆಂಡತಿಗೆ ಉಡಿಸಿದನಂತೆ. ಎರಡು ಮಳೆಗಾಲ ಸುಖವಾಗಿ ಹೋದವು.

ಮೂರನೆಯ ಮಳೆಗಾಲಕ್ಕೆ ಕೋರ್ಟಿನಿಂದ ಕಾಗದ ಬಂತು. ಗುರುಬಸಪ್ಪನಿಗೆ ಒಬ್ಬ ಅಣ್ಣನಿದ್ದ, ಸತ್ತು ಹೋಗಿದ್ದ. ಅಣ್ಣನ ಹೆಂಡತಿ ತಿಪ್ಪವ್ವ ಬದುಕಿದ್ದಳು. ಅಣ್ಣ ತಮ್ಮಂದಿರು ಪಾಲಾದಾಗ ಹೊಲ ತಮ್ಮನಿಗೆ, ಮನೆ ಅಣ್ಣನಿಗೆ ಅಂತ ಪತ್ರವಾಗಿತ್ತು. ಓದಲು ಬಾರದ ಆ ಹೆಂಗಸು ಗಂಡನ ಪತ್ರವನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು, ಅದರಲ್ಲಿ ಏನಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಮೈದುನ ಮನೆ ಬಿಡು ಅಂದಾಗ ಬಿಟ್ಟು ತವರಿಗೆ ಹೋಗಿದ್ದಳು. ಅಲ್ಲಿ ಶಾಲೆ ಕಲಿಯುತ್ತಿದ್ದ ಅವಳ ತಮ್ಮನ ಮಗ ಒಂದು ದಿನ ಗಂಟು ಬಿಚ್ಚಿ ಓದಿದ.

ಕೋರ್ಟು ಮನೆ ಅವಳದೇ ಅಂತು. ಅದು ಸುಳ್ಳೂ ಅಲ್ಲ, ಅವಳದೇ ಮನೆ. ಗುರುಬಸಪ್ಪ ಅಷ್ಟರಲ್ಲಿ ಊರು ಬಿಟ್ಟಿದ್ದ. ಎಲ್ಲಿಗೆ ಹೋದ ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ.

ಮನೆ ಬಿಡುವ ದಿನ ರಾಚಪ್ಪ ತಾನೇ ಗುಂಡಿ ಮುಚ್ಚಿದ. ಓಣಿಯವರು ಸಲಿಕೆ ಹಿಡಿದು ಬಂದರೆ ಬೇಡ ಅಂದ. ಕಟ್ಟಿದ ಕಲ್ಲನ್ನು ಒಂದೊಂದಾಗಿ ಕಿತ್ತು ಹಿತ್ತಲಲ್ಲಿ ಪೇರಿಸಿದ, ಮಣ್ಣು ತುಂಬಿದ, ತುಳಿದು ಗಟ್ಟಿ ಮಾಡಿದ, ಸೆಗಣಿಯಿಂದ ತಾನೇ ಸಾರಿಸಿದ. ಗಂಡಸರು ನೆಲ ಸಾರಿಸುವುದನ್ನು ಆ ಓಣಿ ಅದೇ ಮೊದಲು ನೋಡಿದ್ದು. ತಿಪ್ಪವ್ವ ಬಾಗಿಲ ಹೊರಗೆ ನಿಂತು ಅಳುತ್ತಿದ್ದಳಂತೆ. ದುಂಡವ್ವ ಅವಳ ಮೇಲೆ ಸಿಟ್ಟಾಗಲಿಲ್ಲ, ಬಾಗಿಲ ಕೀಲಿ ಅವಳ ಕೈಗೇ ಕೊಟ್ಟಳು.

ಓಣಿಯ ತುದಿಯಲ್ಲಿ ಒಂದು ಗುಡಿಸಲು ಸಿಕ್ಕಿತು. ಕೆಳಗೆ ಬಂಡೆ, ಗುಂಡಿ ತೋಡಲು ಬಾರದ ಜಾಗ. ರಾಚಪ್ಪ ದಿನವೂ ಗೋಡೆಗೆ ಒರಗಿ, ಕಾಲು ಮಡಚಿಕೊಂಡು ಕೂರುತ್ತಿದ್ದ. ಚಿಕ್ಕಂದಿನಿಂದ ಗುಂಡಿಯಲ್ಲಿ ಇಳಿಬಿಟ್ಟ ಕಾಲು, ಅವನ್ನು ಎಲ್ಲಿಡಬೇಕು ಅಂತ ಅವನಿಗೆ ತಿಳಿಯುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಚಳಿಗಾಲ ಬರುವುದರೊಳಗೆ ತೀರಿಕೊಂಡ. ಜಡ್ಡು ಏನಂತ ವೈದ್ಯನಿಗೂ ಗೊತ್ತಾಗಲಿಲ್ಲ.

ದಿನ ಕಾರ್ಯವೆಲ್ಲ ಮುಗಿದ ಮೇಲೆ ದುಂಡವ್ವ ಬೇವಿನ ಮರದ ಕೆಳಗೆ ಬಂದಳು. ಮುರಿಗೆಪ್ಪ ಎದ್ದು ನಿಂತ. ಬೈಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಅಂತ ನೆರೆದ ಜನ ಕಾದರು. ಅವಳು ಮೆಲ್ಲಗೆ ಹೇಳಿದಳಂತೆ:

“ವಕೀಲ್ರ, ಮನಿ ತೊಗೊಳ್ಳೂ ಮುಂದ ಹಿಂದಿನ ಕೋಣ್ಯಾಗ ಆ ತಿಪ್ಪವ್ವ ಇದ್ದಳ್ರಿ. ಒಲಿ ಹಚ್ಚಿ ರೊಟ್ಟಿ ಮಾಡಾಕ ಹತ್ತಿದ್ಲು. ಯಾರಂತ ಕೇಳಿದ್ರ ದೂರದ ಬಳಗ ಅಂತ ಗುರುಬಸಪ್ಪ ಹೇಳಿದ. ನನಗ ಮನಸ್ಸು ಒಪ್ಪಲಿಲ್ಲ. ಅದಕ್ಕ ನಿಮ್ಮನ್ನ ಕರದೆ.”

ಮುರಿಗೆಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

“ನೀವು ಬಂದಿದ್ರ ಆಕಿನ್ನ ಕೇಳ್ತಿದ್ರಿ. ಕೇಳಿದ್ರ ಹೇಳ್ತಿದ್ಲು. ಅಷ್ಟ” ಅಂದು ಮಗಳನ್ನು ಇನ್ನೊಂದು ಸೊಂಟಕ್ಕೆ ಏರಿಸಿಕೊಂಡು ಹೊರಟು ಹೋದಳು.

ಆವತ್ತಿನಿಂದ ಒಂದು ವರ್ಷ ಮುರಿಗೆಪ್ಪ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ ಅಂತಾರೆ. ಕೆಲವರು ಅವನು ಹೊಳೆ ದಾಟಿ ಗುರುಬಸಪ್ಪನನ್ನು ಹುಡುಕುತ್ತ ಊರೂರು ತಿರುಗಿದ ಅಂತಾರೆ. ಕೆಲವರು ತನ್ನ ಮನೆಯ ಹಿಂದಿನ ಕೋಣೆಯಲ್ಲೇ ಬಾಗಿಲು ಹಾಕಿಕೊಂಡಿದ್ದ ಅಂತಾರೆ. ದುಂಡವ್ವನಿಗೆ ಕಾಳು ಕಡಿ ಕಳಿಸಿದ, ಅವಳು ಹಾಗೇ ತಿರುಗಿಸಿ ಕಳಿಸಿದಳು. ಮತ್ತೆ ಕಳಿಸಿದ, ಮತ್ತೆ ತಿರುಗಿ ಬಂತು. ಆಮೇಲೆ ಕಳಿಸುವುದನ್ನು ಬಿಟ್ಟ.

ವರ್ಷದ ಮೇಲೆ ಅವನು ಬೇವಿನ ಮರದ ಕೆಳಗೆ ಮರಳಿ ಬಂದಾಗ ಗಡ್ಡ ಬೆಳ್ಳಗಾಗಿತ್ತಂತೆ. ಇನ್ನು ಮೇಲೆ ಮನೆ, ನಿವೇಶನ, ಹೊಲದ ಕಾಗದ ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ ಅಂದ. ಬಂದವರ ಕಾಗದವನ್ನು ಮೊದಲ ದಿನ ಮುಟ್ಟದೆ ಹೀಗೆ ಹೇಳುತ್ತಿದ್ದ:

“ನೇಕಾರರ ಓಣಿ ತುದಿಗೆ ದುಂಡವ್ವ ಅಂತ ಅದಾಳ. ನಾನು ಎಂಥಾ ವಕೀಲ ಅಂತ ಆಕಿನ್ನ ಕೇಳಿ ಬರ್ರಿ. ಕೇಳಿದ ಮ್ಯಾಲೂ ನಾನ ಬೇಕಂದ್ರ ಬರ್ರಿ.”

ಮೊದಲು ಬಂದವರ ಮುಖಕ್ಕೆ ದುಂಡವ್ವ ಬಾಗಿಲು ಹಾಕಿದಳು. ಎರಡನೆಯವರಿಗೂ ಹಾಕಿದಳು. ಮೂರನೆಯವಳು ಗಂಡ ಸತ್ತ ಒಬ್ಬ ಹೆಂಗಸು, ಬಿಸಿಲಲ್ಲಿ ನಾಲ್ಕು ಹರದಾರಿ ನಡೆದು ಬಂದವಳು. ದುಂಡವ್ವ ಅವಳನ್ನು ಒಳಗೆ ಕರೆದು ನೀರು ಕೊಟ್ಟು, ಆದದ್ದನ್ನೆಲ್ಲ ಹೇಳಿದಳು. ಗುಂಡಿ ತೋಡಿದ್ದು, ಕಲ್ಲು ಕಟ್ಟಿದ್ದು, ಗುಂಡಿ ಮುಚ್ಚಿದ್ದು, ರಾಚಪ್ಪನ ಕಾಲು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಕೊನೆಗೆ, ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು ತಂಗಿ ಅಂದಳು. ಆಮೇಲೆ ಬಂದವರಿಗೆಲ್ಲ ಹಾಗೆಯೇ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಅವಳು ಗಂಡನನ್ನು ಮತ್ತೊಮ್ಮೆ ಕಳೆದುಕೊಳ್ಳಬೇಕಾಗುತ್ತಿತ್ತು. ಮುರಿಗೆಪ್ಪ ಅದನ್ನು ಯೋಚಿಸಿರಲಿಲ್ಲವೇನೋ ಅಂತ ನನ್ನ ಅಜ್ಜಿ ಬೇಸರದಿಂದ ಅನ್ನುತ್ತಿದ್ದಳು. ಆದರೂ ದುಂಡವ್ವ ಹೇಳುವುದನ್ನು ನಿಲ್ಲಿಸಲಿಲ್ಲ. ನನ್ನ ಹಾಗೆ ಇನ್ನೊಬ್ಬಳು ಆಗಬಾರದು ಅಂತ ಹೇಳುತ್ತೇನೆ, ವಕೀಲನಿಗೋಸ್ಕರ ಅಲ್ಲ ಅಂತ ಓಣಿಯಲ್ಲಿ ಅಂದಳಂತೆ.

ಕೇಳಿ ಹೋದವರಲ್ಲಿ ಅರ್ಧ ಜನ ಬೇರೆ ವಕೀಲರನ್ನು ಹಿಡಿದರು. ತಿರುಗಿ ಬಂದವರ ಕೆಲಸವನ್ನು ಮುರಿಗೆಪ್ಪ ಮಾಡಿದ. ಹೇಗೆ ಮಾಡಿದ ಅನ್ನುವುದೇ ಆಮೇಲೆ ಕತೆಯಾಗಿ ಬೆಳೆಯಿತು. ಕಾಗದ ನೋಡುವ ಮೊದಲು ಮನೆಗೆ ಹೋಗುತ್ತಿದ್ದ. ಒಂದೊಂದು ಕೋಣೆಯ ಬಾಗಿಲಲ್ಲೂ ನಿಂತು ಒಳಗೆ ಯಾರಿದ್ದೀರಿ ಅಂತ ಕೂಗುತ್ತಿದ್ದ, ಖಾಲಿ ಕೋಣೆಯಾದರೂ ಕೂಗಿ, ಉತ್ತರಕ್ಕೆ ಕಾಯುತ್ತಿದ್ದ. ನಾಲ್ಕೂ ದಿಕ್ಕಿನ ನೆರೆಯವರ ಮನೆಗೆ ಹೋಗಿ ಕೂರುತ್ತಿದ್ದ. ಮನೆಯ ಹೆಣ್ಣುಮಕ್ಕಳು ಯಾವ ಊರಿಗೆ ಹೋಗಿದ್ದಾರೆ, ಊರು ಬಿಟ್ಟ ಅಣ್ಣ ತಮ್ಮಂದಿರು ಎಲ್ಲಿದ್ದಾರೆ ಅಂತ ಕೇಳುತ್ತಿದ್ದ.

ಅವನು ಹೊಸ್ತಿಲಿಗೆ ಕಿವಿ ಹಚ್ಚಿದರೆ ಆ ಮನೆಯಲ್ಲಿ ಅತ್ತವರ ದನಿ ಕೇಳುತ್ತಿತ್ತು ಅಂತಾರೆ. ಅವನು ಹೊಲಕ್ಕೆ ಕಾಲಿಟ್ಟರೆ ಸರಿಸಿದ ಗಡಿಕಲ್ಲು ನಾಚಿಕೊಂಡು ತನ್ನ ಜಾಗಕ್ಕೆ ಹೋಗುತ್ತಿತ್ತು ಅಂತಾರೆ. ಅದು ನನಗೆ ಗೊತ್ತಿಲ್ಲ. ಒಂದನ್ನು ಮಾತ್ರ ನಂಬುತ್ತೇನೆ. ಯಾರೋ ಅಜ್ಜನ ಕಾಲದ ಮೃತ್ಯುಪತ್ರ ಅಂತ ಕೆಂಪಗಾದ ಕಾಗದ ತಂದಾಗ, ಅದರ ಮೂಲೆಯನ್ನು ನಾಲಿಗೆಗೆ ಮುಟ್ಟಿಸಿ, ನಿಮ್ಮಜ್ಜ ಇದನ್ನು ಚಹಾದಲ್ಲಿ ಅದ್ದಿ ಇಟ್ಟಿದ್ದನೇ ಅಂತ ಕೇಳಿದನಂತೆ. ಬಂದವನು ಕಾಗದ ಬಿಟ್ಟು ಓಡಿದ.

ಕೆಲಸ ಕೊಡಲು ಬಂದವರಿಗೆ ಅವನೇ ಹೇಳಿಕೊಡುತ್ತಿದ್ದ. ಯಾವ ವಕೀಲನ ಹತ್ತಿರ ಹೋದರೂ, ಈ ಕೆಲಸದಲ್ಲಿ ನೀವು ಬೇರೆ ಯಾರ ಕಡೆಯವರು ಅಂತ ಮೊದಲು ಕೇಳಿ, ಅವನು ತಡವರಿಸಿದರೆ ಎದ್ದು ಬನ್ನಿ. ಮನೆ ನೋಡಲು ಬರುತ್ತೀರಾ ಅಂತ ಕೇಳಿ. ನಿಮಗೆ ತಿಳಿಯದ ಮಾತು ಆಡಿದರೆ ತಿಳಿಯುವವರೆಗೆ ಕೇಳಿ, ಅದಕ್ಕೆ ಬೇಸರ ಮಾಡಿಕೊಳ್ಳುವವನ ಕೈಯಲ್ಲಿ ಕಾಗದ ಕೊಡಬೇಡಿ. ಹೀಗೆ ಹೇಳುತ್ತಿದ್ದನಂತೆ. ಬೇವಿನ ಮರದ ಕೆಳಗಿನ ಉಳಿದ ವಕೀಲರು ಅವನ ಮೇಲೆ ಹಲ್ಲು ಕಡಿದರು.

ಹಾಗೆ ಬಹಳ ವರ್ಷ ಹೋದವು. ಒಮ್ಮೆ ದುಂಡವ್ವನನ್ನು ಕೇಳಿ ಬಂದ ಒಬ್ಬ ರೈತ, ಅವಳು ಕೊನೆಗೆ ಒಂದು ಮಾತು ಕೂಡಿಸಿದಳು ಅಂದ. ಏನು ಅಂತ ಮುರಿಗೆಪ್ಪ ಕೇಳಿದ. ಈಗೀಗ ಮನೆಗೆ ಹೋಗಿ ನೋಡುತ್ತಾನಂತೆ, ಅಂದಳು ಅಂತ ರೈತ ಹೇಳಿದ. ಮುರಿಗೆಪ್ಪ ಎದ್ದು ಮನೆಯೊಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ.

ಇತ್ತ ಕೂಸಾಗಿದ್ದ ಗಂಗವ್ವ ದೊಡ್ಡವಳಾದಳು. ಫಕೀರಪ್ಪ ಅನ್ನುವ ನೇಕಾರನ ಜೊತೆ ಮದುವೆಯಾಯಿತು. ಅವರೂ ಬಾಡಿಗೆ ಮನೆಯವರೇ. ಆರು ಮನೆ ಬದಲಿಸಿದರು, ಆರು ಗುಂಡಿ ತೋಡಿದರು, ಆರೂ ಮುಚ್ಚಿದರು. ಆಮೇಲೆ ಅವರೂ ಒಂದು ಸ್ವಂತ ಮನೆ ನೋಡಿದರು. ವಕೀಲ ಯಾರು ಅನ್ನುವ ಮಾತು ಬಂತು. ಆ ಹೆಸರು ಒಂದು ಬೇಡ ಅಂದಳು ಗಂಗವ್ವ. ದುಂಡವ್ವ ಮರುದಿನ ಬೆಳಿಗ್ಗೆ ಒಬ್ಬಳೇ ಮುರಿಗೆಪ್ಪನ ಮನೆಗೆ ಹೋದಳು. ಅಂಗಳದಲ್ಲೇ ನಿಂತಳು. ಅವನಿಗೆ ಆಗ ಕಣ್ಣು ಮಂಜಾಗಿತ್ತು, ಕಾಲು ಬಾತಿದ್ದವು. ದನಿ ಕೇಳಿ ಗುರುತು ಹಿಡಿದು ಕಂಬ ಹಿಡಿದು ಎದ್ದ.

“ಮಗಳು ಮನಿ ತೊಗೊಳ್ಳಾಕ ಹತ್ಯಾಳ. ಈ ಕೆಲಸದಾಗ ನೀವು ಬ್ಯಾರೆ ಯಾರ ಕಡಿಯವರದೀರಿ?”

“ಯಾರ ಕಡಿಯವನೂ ಅಲ್ಲವ್ವಾ.”

“ಮನಿ ನೋಡಾಕ ಬರ್ತೀರಿ?”

“ಬರ್ತೀನಿ.”

“ಯಾವಾಗ?”

“ಈಗ ಬರ್ತೀನಿ. ನಡೀರಿ” ಅಂದು ಅವನು ರುಮಾಲೂ ಸುತ್ತಿಕೊಳ್ಳದೆ ಅಂಗಳಕ್ಕಿಳಿದ.

ಮುಂದೆ ದುಂಡವ್ವ, ಹಿಂದೆ ಕೋಲೂರಿಕೊಂಡು ಮುರಿಗೆಪ್ಪ. ಅವರು ನೇಕಾರರ ಓಣಿಯಲ್ಲಿ ಹಾಯುವಾಗ ಒಂದೊಂದೇ ಮನೆಯ ಮಗ್ಗದ ಸದ್ದು ನಿಂತಿತಂತೆ. ಜನ ಬಾಗಿಲಿಗೆ ಬಂದು ನೋಡಿದರು.

ಆ ಮನೆ ಅವನು ಬೇಡ ಅಂದ. ಮಾರುವವನ ತಮ್ಮನೊಬ್ಬ ದೂರದ ಊರಲ್ಲಿ ಗಿರಣಿಯಲ್ಲಿದ್ದ, ಅವನ ಒಪ್ಪಿಗೆ ಇರಲಿಲ್ಲ. ಎರಡನೆಯ ಮನೆ ನೋಡಿದರು. ಒಂದು ಗೋಡೆ ಪಕ್ಕದವರ ಜಾಗದಲ್ಲಿತ್ತು, ಅದೂ ಬೇಡ ಅಂದ. ಗಂಗವ್ವನಿಗೆ ಸಿಟ್ಟು ಬಂತು. ಈ ಮುದುಕ ಅಪ್ಪನಿಗೆ ಮನೆ ಉಳಿಸಲಿಲ್ಲ, ನನಗೆ ಮನೆ ಸಿಗಗೊಡುವುದಿಲ್ಲ ಅಂತ ಅತ್ತಳು. ದುಂಡವ್ವ ಮಗಳ ತಲೆ ಸವರಿದಳು.

ಮೂರನೆಯದು ಒಬ್ಬ ಒಂಟಿ ಮುದುಕನ ಮನೆ. ಅವನಿಗೆ ಮಗಳೊಬ್ಬಳಿದ್ದಳು, ಹೊಳೆಯಾಚೆಯ ಊರಿಗೆ ಕೊಟ್ಟವಳು. ಅವಳದೇನೂ ತಕರಾರಿಲ್ಲ ಅಂತ ಮುದುಕ ಹೇಳಿದ. ಅವಳ ಬಾಯಿಂದಲೇ ಕೇಳಬೇಕು ಅಂದ ಮುರಿಗೆಪ್ಪ. ಹೊಳೆ ತುಂಬಿ ಹರಿಯುವ ದಿನಗಳು, ಈ ಬಾತ ಕಾಲು ಇಟ್ಟುಕೊಂಡು ಹೋಗಬೇಡಿ ಅಂತ ಎಲ್ಲರೂ ಅಂದರು. ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆ ಬಂಡಿ ಹಿಡಿದು ಹೋದ. ಆ ಹೆಣ್ಣುಮಗಳು ಮಾರಲು ಒಪ್ಪಿದಳು, ಆದರೆ ತಾಯಿ ಸತ್ತ ಮನೆ, ಒಂದು ಸಲ ನೋಡಬೇಕು ಅಂತ ಕಣ್ಣೀರು ತೆಗೆದಳು. ಬೇರೆ ವಕೀಲನಾದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದ. ಮುರಿಗೆಪ್ಪ ಅವಳಿಗೆ ಬಿಡುವಾಗುವವರೆಗೆ ಅಲ್ಲೇ ಗುಡಿಯ ಕಟ್ಟೆಯ ಮೇಲೆ ನಾಲ್ಕು ದಿನ ಕಾದು, ಜೊತೆಯಲ್ಲೇ ಕರೆದುಕೊಂಡು ಬಂದ. ಅವಳು ಮನೆಯ ಗೋಡೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದಳು. ಆ ನಾಲ್ಕು ದಿನದ ಮಳೆಯಲ್ಲೇ ಅವನಿಗೆ ಜ್ವರ ಹತ್ತಿದ್ದು.

ಜ್ವರದಲ್ಲೇ ನೋಂದಣಿ ಕಚೇರಿಗೆ ಬಂದ. ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾರ ಗೋಡೆ, ಬಡಗಲಿಗೆ ಯಾವ ದಾರಿ, ತೆಂಕಲಿಗೆ ಯಾವ ಬಾವಿ ಅಂತ ಚಕ್ಕುಬಂದಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ. ಸಹಿಯಾದ ಮೇಲೆ ಪತ್ರವನ್ನು ಎರಡೂ ಕೈಯಿಂದ ದುಂಡವ್ವನಿಗೆ ಕೊಟ್ಟ. ಅವಳು ಮಗಳಿಗೆ ಕೊಟ್ಟಳು. ಅಲ್ಲಿಂದ ಮನೆಗೆ ಹೋಗಿ ಹಾಸಿಗೆ ಹಿಡಿದ.

ಗಂಗವ್ವನ ಮನೆಯಲ್ಲಿ ಗುಂಡಿ ತೋಡಿದ ದಿನ ದುಂಡವ್ವ ಒಂದು ಬೊಗಸೆ ಹಸಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುರಿಗೆಪ್ಪನ ಮನೆಗೆ ಹೋದಳು. ರಾಚಪ್ಪ ತೀರಿದ ಮೇಲೆ ಅವಳು ಅಂಗಳ ದಾಟಿ ಒಳಗೆ ಹೋದದ್ದು ಅದೇ ಮೊದಲು. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ, ಓಣಿಯ ಒಂದಿಬ್ಬರು ಹತ್ತಿರ ಕೂತಿದ್ದರು.

“ಗಂಗವ್ವನ ಮಗ್ಗದ ಗುಂಡಿ ಮಣ್ಣು” ಅಂದು ಅವನ ಅಂಗೈಯಲ್ಲಿ ಇಟ್ಟಳು.

ಅವನು ಬಹಳ ಹೊತ್ತು ಅದನ್ನು ಹೆಬ್ಬೆರಳಿನಿಂದ ಮುಟ್ಟುತ್ತ ಮಲಗಿದ್ದನಂತೆ. ಆಮೇಲೆ ಕೇಳಿದ:

“ಕಲ್ಲು ಕಟ್ಯಾರೇನವ್ವಾ?”

“ನಾಳೆ ಕಟ್ತಾರ.”

ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ, ಈ ಬಗ್ಗೆ ಎರಡು ಮಾತಿದೆ. ತಪ್ಪು ತೀರಿತು ಅಂತ ಹೇಳಿ ಅವನ ಬಾಯಿಗೆ ನೀರು ಬಿಟ್ಟಳು ಅಂತ ಕೋರ್ಟಿನ ಕಡೆಯವರು ಹೇಳುತ್ತಾರೆ. ನೇಕಾರರ ಓಣಿಯಲ್ಲಿ ಹಾಗೆ ಹೇಳುವುದಿಲ್ಲ. ಅವಳು ಏನೂ ಅನ್ನಲಿಲ್ಲ, ಬಿಸಿಲು ಇಳಿಯುವವರೆಗೆ ಹತ್ತಿರ ಕೂತಿದ್ದಳು, ಆಮೇಲೆ ಕಂಡಿಕೆ ಸುತ್ತುವುದಿದೆ ಅಂತ ಎದ್ದು ಬಂದಳು ಅಂತಾರೆ. ನನ್ನ ಅಜ್ಜಿ ಇದನ್ನೇ ಹೇಳುತ್ತಿದ್ದಳು. ಮರುದಿನ ಬೆಳಿಗ್ಗೆ ಅವನು ಹೋದ. ಹೆಣ ತೊಳೆಯುವಾಗ ಬಲಗೈ ಮುಷ್ಟಿ ಬಿಚ್ಚಲು ಯಾರಿಂದಲೂ ಆಗಲಿಲ್ಲ, ಹಾಗೆಯೇ ಮಣ್ಣು ಮಾಡಿದರು ಅಂತಾರೆ.

ಅವನ ಮನೆ ಬಿದ್ದು ಎಷ್ಟೋ ಕಾಲವಾಯಿತು. ಆ ಜಾಗದಲ್ಲಿ ಈಗ ಮೊಣಕಾಲೆತ್ತರದ ಒಂದು ಮಣ್ಣಿನ ದಿಬ್ಬ ಇದೆ. ವಕೀಲನ ದಿಬ್ಬ ಅಂತಾರೆ. ದೀಪ ಹಚ್ಚುವುದಿಲ್ಲ, ಕಾಯಿ ಒಡೆಯುವುದಿಲ್ಲ. ಊರಲ್ಲಿ ಯಾರು ಮನೆ ಕೊಂಡರೂ ಆ ನೆಲದ ಒಂದು ಹಿಡಿ ಮಣ್ಣನ್ನು ತಂದು ಅಲ್ಲಿ ಹಾಕುತ್ತಾರೆ. ಈಗ ಕುಣಿಮಗ್ಗ ಹೋಗಿ ಕರೆಂಟಿನ ಮಗ್ಗ ಬಂದಿದೆ, ಗುಂಡಿ ಇಲ್ಲ. ಆದರೂ ಪಾಯದ ಮಣ್ಣು ತರುತ್ತಾರೆ. ಜೊತೆಗೆ ಅವರ ವಕೀಲನೂ ಬರಬೇಕು, ಬಾರದ ವಕೀಲನಿಗೆ ಆ ಓಣಿಯವರು ಎರಡನೆಯ ಸಲ ಕೆಲಸ ಕೊಡುವುದಿಲ್ಲ. ಮಣ್ಣು ಹಾಕಿ, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಬಾಯಿಬಿಟ್ಟು ಹೇಳಿ ಮನೆಗೆ ಹೋಗುತ್ತಾರೆ. ಮಳೆಗಾಲದಲ್ಲಿ ದಿಬ್ಬ ಕರಗುತ್ತದೆ, ಮತ್ತೆ ಯಾರೋ ಮಣ್ಣು ತರುತ್ತಾರೆ.

ಮನೆ ಕಳೆದುಕೊಂಡವರೂ ಅಲ್ಲಿಗೆ ಬರುತ್ತಾರೆ. ಅವರ ಕೈಯಲ್ಲಿ ಮಣ್ಣಿರುವುದಿಲ್ಲ. ಸ್ವಲ್ಪ ಹೊತ್ತು ನಿಂತು, ಮೂಡಲಿಗೆ ಇಂಥವರು, ಪಡುವಲಿಗೆ ಇಂಥವರು ಅಂತ ಅವರೂ ನಾಲ್ಕು ದಿಕ್ಕನ್ನು ಹೇಳಿ ಹೋಗುತ್ತಾರೆ.